ಗರ್ಭಿಣಿಯರ ಎದೆಯುರಿ ಮತ್ತು ಅಂಗಡಿಯ ಮಾತ್ರೆ

ಮಳೆ, ಬೆಳೆ, ಕಂದಾಯಗಳ ಪ್ರಶ್ನೆಗಳು ಮುಂದಿರುವಾಗ ಬಸುರಿ ಹೆಂಗಸರ ಎದೆಯುರಿಯನ್ನು ಕುರಿತು ಅಗ್ರಲೇಖನವನ್ನು ಬರೆಯುವುದೇಕೆಂದು ಕೆಲವು ವಾಚಕರು ಕೇಳಬಹುದು. ಗರ್ಭಿಣಿಯರಲ್ಲಿ ನೂರಕ್ಕೆ ೩೦ರಿಂದ ೮೦ ಮಂದಿಯವರೆಗೆ ಈ ಬಾಧೆಗೆ ಒಳಗಾಗುವರೆಂದು ಬೇರೆ ಬೇರೆ ಗಣನೆಗಳು ಹೇಳುತ್ತವೆ. ಇಷ್ಟು ಮನೆಗಳನ್ನು ಮುಟ್ಟುವ ವಿಷಯವನ್ನು ಅಡುಗೆಮನೆಯ ಮಾತೆಂದು ತಳ್ಳಿಬಿಡುವುದು ವಿವೇಕವಲ್ಲ. ಚನ್ನರಾಯನದುರ್ಗದ ಬೆಟ್ಟದ ತಪ್ಪಲಿನ ಹಳ್ಳಿಯಿಂದ ಕೊರಟಗೆರೆಯ ಅಥವಾ ಮಧುಗಿರಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಬೇಕಾದ ಕೂಲಿಯ ಹೆಣ್ಣುಮಗಳಿಗೆ ಒಂದು ದಿನದ ಸಂಪಾದನೆಯೇ ಹೋಗುತ್ತದೆ. ಆದಕಾರಣ ಗಂಡನೋ ಮೈದುನನೋ ಔಷಧದಂಗಡಿಯಲ್ಲಿ ‘ಗ್ಯಾಸ್‌ಗೆ ಒಂದು ಮಾತ್ರೆ’ ಎಂದು ಕೇಳಿ ತರುವುದು ಸುಲಭವಾಗಿ ತೋರುತ್ತದೆ. ಆ ಮಾತ್ರೆ ಯಾರಿಗೆಂದು ಕೇಳುವವರಿಲ್ಲದಿದ್ದರೆ ಅಪಾಯವು ಅಲ್ಲಿಂದಲೇ ಮೊದಲಾಗುತ್ತದೆ.

ಈ ಉರಿಯ ಕಾರಣವು ಸ್ಪಷ್ಟವಾಗಿದೆ. ಗರ್ಭಕಾಲದಲ್ಲಿ ಹೆಚ್ಚುವ ಪ್ರೊಜೆಸ್ಟರಾನ್ ಎಂಬ ದ್ರವ್ಯವು ಅನ್ನನಾಳದ ಕೆಳಬಾಯಿಯ ಬಿಗಿಯನ್ನು ಸಡಿಲಿಸುತ್ತದೆ. ಬೆಳೆಯುವ ಗರ್ಭಕೋಶವು ಜಠರವನ್ನು ಮೇಲಕ್ಕೆ ಒತ್ತುತ್ತದೆ. ಹುಳಿನೀರು ಎದೆಗೆ ಏರುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇದು ತಾನೇ ಶಮನವಾಗುವುದು. ಹೊಟ್ಟೆ ಬಿರಿಯುವಂತೆ ಒಮ್ಮೆಗೇ ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು, ಖಾರ, ಹುಳಿ, ಕರಿದ ತಿಂಡಿ ಮತ್ತು ಕಾಫಿಗಳನ್ನು ತಗ್ಗಿಸುವುದು, ರಾತ್ರಿಯ ಊಟವಾದ ಎರಡು ಮೂರು ಗಂಟೆ ಮಲಗದಿರುವುದು, ತಲೆಯ ಕಡೆಯನ್ನು ಎತ್ತರಿಸಿಕೊಂಡು ಎಡಮಗ್ಗುಲಾಗಿ ಮಲಗುವುದು, ಇವೇ ಮೊದಲ ಚಿಕಿತ್ಸೆ.

ಇದರಿಂದ ಗುಣವಾಗದಿದ್ದರೆ ಔಷಧವನ್ನು ಸೇವಿಸಲು ಹೆದರಬೇಕಾದುದಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಬಸುರಿಯು ಯಾವ ಮದ್ದನ್ನೂ ಮುಟ್ಟಬಾರದೆಂದು ಅವಳನ್ನು ರಾತ್ರಿಯಿಡೀ ಕುಳ್ಳಿರಿಸುವುದು ಧರ್ಮವಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂಗಳಿಂದಾದ ಸಾಮಾನ್ಯ ಆಮ್ಲನಾಶಕಗಳನ್ನೂ ಆಲ್ಜಿನೇಟ್ ಬೆರೆತ ದ್ರವಗಳನ್ನೂ ಮಿತಿಯಲ್ಲಿ ಕೊಡಬಹುದೆಂಬುದು ವೈದ್ಯರ ಸಾಮಾನ್ಯ ಮತ. ಒಮೆಪ್ರಜೋಲ್ ವರ್ಗದ ಮಾತ್ರೆಗಳ ವಿಷಯದಲ್ಲಿ ಡೆನ್ಮಾರ್ಕ್ ದೇಶದ ೮,೪೦,೯೬೮ ಜನನಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯು, ಗರ್ಭದ ಮೊದಲ ಮೂರು ತಿಂಗಳಲ್ಲಿ ಅವನ್ನು ಸೇವಿಸಿದವರ ಮಕ್ಕಳಲ್ಲಿ ಹುಟ್ಟುದೋಷಗಳು ಗಣನೀಯವಾಗಿ ಹೆಚ್ಚಲಿಲ್ಲವೆಂದು ತಿಳಿಸಿತು. ವೈದ್ಯರು ನೋಡಿ ಬರೆದುಕೊಟ್ಟಾಗ ಅವುಗಳಿಗೂ ಸ್ಥಾನವುಂಟು.

ಆದರೆ ಎದೆಯುರಿಯ ಮದ್ದೆಲ್ಲವೂ ಒಂದೇ ಅಲ್ಲ. ಅಡುಗೆ ಸೋಡವೂ ಸೋಡ ಬೆರೆತ ಹಣ್ಣಿನ ಉಪ್ಪೂ ಗರ್ಭಿಣಿಗೆ ಸಲ್ಲವು. ಅವುಗಳಲ್ಲಿರುವ ಸೋಡಿಯಂ ಮೈಯಲ್ಲಿ ನೀರನ್ನು ನಿಲ್ಲಿಸುತ್ತದೆ, ರಕ್ತದ ಕ್ಷಾರವನ್ನು ಏರಿಸುತ್ತದೆ. ಮೊದಲು ಹೊಟ್ಟೆಹುಣ್ಣಿನ ಔಷಧವಾಗಿಯೇ ಬಳಕೆಗೆ ಬಂದ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಸಂಕೋಚಿಸುವಂತೆ ಮಾಡುವುದು. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಅದು ತಾಯಿಯ ಪ್ರಾಣವನ್ನು ಉಳಿಸುತ್ತದೆ. ಬಸುರಿಗೆ ಹೊಟ್ಟೆಯುರಿಯ ಮದ್ದೆಂದು ಕೊಟ್ಟರೆ ಗರ್ಭವನ್ನೇ ಕಳೆಯಬಲ್ಲದು. ಬಹುಕಾಲ ನಿರಪಾಯವೆಂದು ನಂಬಿದ್ದ ರಾನಿಟಿಡಿನ್‌ನಲ್ಲಿ ಅರ್ಬುದಕಾರಕವೆಂದು ಶಂಕಿಸಲಾದ ಕಲ್ಮಷವು ಕಂಡುಬಂದು, ೨೦೨೦ರ ಏಪ್ರಿಲಿನಲ್ಲಿ ಅಮೆರಿಕದ ಔಷಧಾಧಿಕಾರಿಗಳು ಅದನ್ನು ಮಾರುಕಟ್ಟೆಯಿಂದ ಹಿಂದೆಗೆಯುವಂತೆ ಕೇಳಿದರು. ನಮ್ಮ ಕೇಂದ್ರ ಸರ್ಕಾರವು ೨೦೨೨ರಲ್ಲಿ ಅದನ್ನು ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು.

ಹಾಗಾದರೆ ಗಿಡಮೂಲಿಕೆಯೇ ಲೇಸೆಂದು ಹೇಳುವವರಿದ್ದಾರೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಮೂಲಿಕೆಗಳಿಗೆ ಹೆಸರಾದುದು; ಆ ವಿದ್ಯೆಯಲ್ಲಿ ನಮಗೆ ಗೌರವವಿದೆ. ಆದರೂ ಎದೆಯುರಿಗೆ ಕೊಡುವ ಅತಿಮಧುರವು ಹೆಚ್ಚಾದರೆ ರಕ್ತದೊತ್ತಡವನ್ನು ಏರಿಸುವುದೆಂದೂ, ಗರ್ಭಿಣಿಯರು ಅದನ್ನು ಹೆಚ್ಚಾಗಿ ತಿನ್ನಬಾರದೆಂದು ಫಿನ್ಲೆಂಡಿನ ಆರೋಗ್ಯಾಧಿಕಾರಿಗಳು ಎಚ್ಚರಿಸಿರುವರೆಂದೂ ತಿಳಿದಿರಬೇಕು. ಬೇರಿನದಾದರೂ ಬಾಟಲಿಯದಾದರೂ ಮದ್ದು ಮದ್ದೇ.

ಇನ್ನೆರಡು ವಿಷಯಗಳಿಗೆ ವಾಚಕರ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇವೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ ೫೨ ಮಂದಿ ರಕ್ತಹೀನರು. ಅದಕ್ಕಾಗಿಯೇ ೬೦ ಮಿಲಿಗ್ರಾಂ ಕಬ್ಬಿಣಾಂಶದ ಮಾತ್ರೆಯನ್ನು ೧೮೦ ದಿನ ಉಚಿತವಾಗಿ ಕೊಡುವ ಏರ್ಪಾಡಿದೆ. ಆ ಮಾತ್ರೆಯೂ ಕೆಲವರಿಗೆ ಹೊಟ್ಟೆಯುರಿಯನ್ನು ತರುವುದರಿಂದ ಅದನ್ನು ನಿಲ್ಲಿಸಿಬಿಡುವವರುಂಟು. ಆಮ್ಲನಾಶಕದ ಜೊತೆಯಲ್ಲೇ ನುಂಗಿದರೆ ಕಬ್ಬಿಣಾಂಶವು ಮೈಗೆ ಹತ್ತುವುದು ಕುಂದುತ್ತದೆ. ಎರಡಕ್ಕೂ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಲೆಂಬ ಒಂದು ಮಾತನ್ನು ಹೇಳುವವರಿಲ್ಲದೆ ಸರ್ಕಾರದ ವೆಚ್ಚವೂ ತಾಯಿಯ ರಕ್ತವೂ ವ್ಯರ್ಥವಾಗುತ್ತವೆ.

ಎರಡನೆಯದು ಇನ್ನೂ ಗುರುತರವಾದುದು. ಐದು ತಿಂಗಳು ತುಂಬಿದ ಮೇಲೆ ಪಕ್ಕೆಲುಬಿನ ಕೆಳಗೆ ತೀವ್ರವಾದ ನೋವು ಬಂದು, ಅದರೊಡನೆ ತಲೆನೋವು, ಕಣ್ಣುಮಂಜು, ಮುಖ ಕೈಗಳ ಬಾವು ಕಾಣಿಸಿದರೆ ಅದು ಎದೆಯುರಿಯೆಂದು ಸುಮ್ಮನಿರತಕ್ಕದ್ದಲ್ಲ. ರಕ್ತದೊತ್ತಡವೇರಿ ಬರುವ ಗರ್ಭಿಣಿಯ ನಂಜು ಹೀಗೆಯೇ ಮೊದಲಾಗಬಹುದು. ಆಗ ಅಂಗಡಿಯ ಮಾತ್ರೆಯಿಂದ ಕಳೆಯುವ ಒಂದೊಂದು ಗಂಟೆಯೂ ಎರಡು ಜೀವಗಳಿಗೆ ಮುಳುವಾಗುತ್ತದೆ.

೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಬಸುರಿಯರ ಓಕರಿಕೆಗೆ ನಿರಪಾಯಕರವೆಂದು ಹಂಚಿದರು. ೧೯೬೧ರಲ್ಲಿ ಅದನ್ನು ಹಿಂದೆಗೆಯುವಷ್ಟರಲ್ಲಿ ಹಲವು ದೇಶಗಳ ಸಾವಿರಾರು ಶಿಶುಗಳು ಕೈಕಾಲುಗಳ ಊನದಿಂದ ಹುಟ್ಟಿದ್ದುವು. ಪರೀಕ್ಷಿಸದೆ ಕೊಡುವ ಮದ್ದಿನ ಫಲವನ್ನು ಲೋಕವು ಇಷ್ಟು ದುಬಾರಿಯಾಗಿ ಕಲಿತಿರುವಾಗ, ನಾವು ಮತ್ತೆ ಕಲಿಯಬೇಕಾದುದಿಲ್ಲ. ೧೯೪೫ರ ಔಷಧ ನಿಯಮಗಳ ‘ಎಚ್’ ಅನುಸೂಚಿಯು ಪ್ಯಾಂಟೊಪ್ರಜೋಲ್, ಮಿಸೊಪ್ರೊಸ್ಟಾಲ್ ಮೊದಲಾದುವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸುತ್ತದೆ. ಹೊಸ ಕಾನೂನು ಬೇಕಾಗಿಲ್ಲ. ಇರುವುದನ್ನು ನಡೆಸುವ ಮನಸ್ಸು ಬೇಕು.

ಔಷಧ ತನಿಖಾಧಿಕಾರಿಗಳು ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಮಾತ್ರವಲ್ಲದೆ ಹೋಬಳಿಗಳಲ್ಲಿಯೂ ಈ ನಿಯಮವು ನಡೆಯುವಂತೆ ನೋಡಿಕೊಳ್ಳಬೇಕು. ಹೆಂಗಸರಿಗೆ ಮಾತ್ರೆ ಕೊಡುವ ಮುನ್ನ ‘ಬಸುರಿಯೇ?’ ಎಂದು ಕೇಳುವುದನ್ನು ವರ್ತಕ ಮಹಾಶಯರು ತಮ್ಮ ಕರ್ತವ್ಯವೆಂದು ತಿಳಿಯಬೇಕು. ತಾಯಿ ಕಾರ್ಡನ್ನು ತುಂಬುವಾಗ ಎದೆಯುರಿಯ ವಿಷಯವನ್ನೂ ಆಶಾ ಕಾರ್ಯಕರ್ತೆಯರು ವಿಚಾರಿಸಲಿ. ಪ್ರತಿ ತಿಂಗಳ ೯ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡು ೨೦೧೬ರಿಂದ ಇದೆ. ಆ ದಿನ ಮನೆಯ ಹೆಣ್ಣುಮಗಳನ್ನು ಕರೆದೊಯ್ಯುವುದು ಗಂಡಸರ ಹೊಣೆ. ಸಂಬಂಧಪಟ್ಟ ಅಧಿಕಾರಿಗಳೂ ಗೃಹಸ್ಥರೂ ಈ ವಿಷಯವನ್ನು ಅಲ್ಪವೆಂದು ಉಪೇಕ್ಷಿಸಲಾರರೆಂದು ನಂಬಿದ್ದೇವೆ.