ಬಂದರು ಏಳುತ್ತದೆ, ಬೀಳುತ್ತದೆ, ಬೆಟ್ಟ?

ಕುದುರೆಮುಖದ ಗಣಿಗಾರಿಕೆ ನಿಲ್ಲಬೇಕೆಂದು ಮಲೆನಾಡಿನ ಜನ ಧ್ವನಿ ಎತ್ತಿದ ಕಾಲದಲ್ಲಿ ಗಣಿಯ ಪರವಾಗಿದ್ದವರು ಮುಂದಿಟ್ಟ ವಾದ ಸರಳವಾಗಿತ್ತು: ಗಣಿ ನಿಂತರೆ ನವಮಂಗಳೂರು ಬಂದರು ಸೊರಗುತ್ತದೆ, ಬಂದರು ಸೊರಗಿದರೆ ಊರು ಸೊರಗುತ್ತದೆ. ಸರ್ವೋಚ್ಚ ನ್ಯಾಯಾಲಯದ 2002ರ ಅಕ್ಟೋಬರ್ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಬಂದರು ಸೊರಗಲಿಲ್ಲ. ಕಚ್ಚಾ ತೈಲ, ಪೆಟ್ರೋಲಿಯಂ ಉತ್ಪನ್ನ, ಕಲ್ಲಿದ್ದಲು ಮತ್ತು ಅನಿಲ ಅದರ ಧಕ್ಕೆಗಳನ್ನು ತುಂಬಿದವು. ಇತ್ತೀಚಿನ ವರ್ಷಗಳಲ್ಲಿ ಅದು ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ಸಾಗಿಸುತ್ತಿದೆ. ಇಷ್ಟಾದರೂ ಆ ವಾದಕ್ಕೆ ಮಾತ್ರ ಸಾವಿಲ್ಲ. ಘಟ್ಟದ ಮೇಲೆ ಹೊಸ ಯೋಜನೆಯೊಂದು ಬಂದಾಗಲೆಲ್ಲ ಅದನ್ನೇ ಒರೆಸಿ ಮತ್ತೆ ಹೊರತೆಗೆಯಲಾಗುತ್ತದೆ.

ಮಂಗಳೂರು ಹೀಗೆ ಏಳುತ್ತ ಬೀಳುತ್ತ ಬೆಳೆದ ನಗರ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮುಂದೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು. ಮಂಗಳೂರು ಹೆಂಚು ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾಗಳ ಮನೆಗಳನ್ನು ಹೊದೆಯಿತು. ಮಣ್ಣು ಹೊಳೆಬದಿಯ ಗದ್ದೆಗಳದ್ದು, ಗೂಡಿಗೆ ಸೌದೆ ಕಾಡಿನದು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆ ನಿವೇಶನಗಳು ಬೆಲೆಬಾಳುವ ಜಾಗಗಳಾದವು; ನಗರಕ್ಕೆ ಆದ ನಷ್ಟವನ್ನು ನಗರವೇ ತುಂಬಿಕೊಂಡಿತು. ಉರಿದ ಸೌದೆಯ ಲೆಕ್ಕವನ್ನು ಇಟ್ಟವರು ಯಾರು?

ಅಳಿವೆಬಾಗಿಲಿನ ಮರಳದಂಡೆಯಿಂದಾಗಿ ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರಲಾರವು. ಆದ್ದರಿಂದ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಹೊಸ ಬಂದರು ನಿರ್ಮಿಸಲಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದಕ್ಕಾಗಿ ನೆಲೆ ಕಳೆದುಕೊಂಡ ಕುಟುಂಬಗಳಿಗೆ ಕಾಟಿಪಳ್ಳದಲ್ಲಿ ನಿವೇಶನ ಹಂಚಲಾಯಿತು. ಮೊದಲ ಬೆಲೆ ತೆತ್ತವರು ಕರಾವಳಿಯವರೇ ಎಂಬುದನ್ನು ಘಟ್ಟದ ಮೇಲಿನವರು ಮರೆಯಬಾರದು.

ಅಷ್ಟು ದೊಡ್ಡ ಬಂದರಿಗೆ ಅಷ್ಟೇ ದೊಡ್ಡ ಸರಕು ಬೇಕಿತ್ತು. 1975ರಲ್ಲಿ ಇರಾನಿನ ಷಾ ಸರ್ಕಾರ ಕುದುರೆಮುಖದ ಅದಿರಿಗಾಗಿ 63 ಕೋಟಿ ಡಾಲರ್ ಸಾಲದ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕಂಪನಿ ಹುಟ್ಟಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಶೋಲಾ ಮತ್ತು ಹುಲ್ಲುಗಾವಲಿನ ಸೀಮೆಯಲ್ಲಿ, ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದರಲ್ಲಿ, ಬೆಟ್ಟದ ತಲೆ ಕಡಿಯಲಾಯಿತು. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರಿತ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸುವ ಯೋಜನೆ ಅದು. 1980ರಲ್ಲಿ ಎಲ್ಲವೂ ಸಿದ್ಧವಾಯಿತು, ಕೊಳ್ಳುವವನೊಬ್ಬನನ್ನು ಬಿಟ್ಟು! 1979ರ ಕ್ರಾಂತಿಯಲ್ಲಿ ಷಾ ಪದಚ್ಯುತನಾಗಿದ್ದ. ಹೊಸ ಇರಾನಿಗೆ ಈ ಅದಿರು ಬೇಕಿರಲಿಲ್ಲ.

ಗಣಿಯ ಸಮರ್ಥಕರು ಹಾರಿಸಿಬಿಡುವ ಪುಟವಿದು. ಟೆಹರಾನಿನ ರಾಜಕೀಯ ಬದಲಾದುದರಿಂದ ಪಣಂಬೂರಿನ ವಹಿಯಲ್ಲಿ ಒಂದು ನಷ್ಟ ಬಿತ್ತು. ಬೇರೆ ಗಿರಾಕಿಗಳನ್ನು ಹುಡುಕಿ, 1987ರಲ್ಲಿ ಬಂದರಿನ ಬಳಿ ಉಂಡೆ ಅದಿರಿನ ಕಾರ್ಖಾನೆ ತೆರೆದು ಆ ನಷ್ಟವನ್ನು ಸರಿದೂಗಿಸಿಕೊಳ್ಳಲಾಯಿತು. ಸುರಿದ ಬಂಡವಾಳ ವ್ಯರ್ಥವಾಗಬಾರದೆಂಬ ಒಂದೇ ಕಾರಣಕ್ಕೆ, ಬೇಡಿಕೆಯೇ ಇಲ್ಲದ ದಿನ ತೆರೆದ ಗಣಿ ಕಾಲು ಶತಮಾನ ನಡೆಯಿತು. ಇತ್ತ ಕಡಿದ ಬೆಟ್ಟಕ್ಕೆ ಇನ್ನೊಬ್ಬ ಗಿರಾಕಿಯಿಲ್ಲ, ಭದ್ರೆಗೆ ಇಳಿದ ಹೂಳಿಗೆ ವಿಮೆಯಿಲ್ಲ.

ಗಣಿ ನಿಂತಾಗ ಕಾರ್ಮಿಕರು ಬೀದಿಗೆ ಬಿದ್ದರೆಂಬುದು ಸುಳ್ಳಲ್ಲ, ಅದರಲ್ಲೂ ಗುತ್ತಿಗೆಯವರು. ಆದರೆ ಗುತ್ತಿಗೆಯ ಅವಧಿ 1999ರಲ್ಲೇ ಮುಗಿಯುವುದೆಂದು ಮೊದಲ ದಿನದಿಂದಲೇ ತಿಳಿದಿತ್ತು. ಮೂವತ್ತು ವರ್ಷಗಳ ಮುನ್ಸೂಚನೆಯಿದ್ದೂ ದುಡಿದವರಿಗೆ ಬೇರೆ ದಾರಿ ಮಾಡಿಕೊಡದವರ ತಪ್ಪನ್ನು ನದಿಮೂಲ ಉಳಿಸಹೊರಟವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಅದೇ ದಶಕದಲ್ಲಿ ಚೀನಾದ ಹಸಿವು ಬಳ್ಳಾರಿ ಸೀಮೆಯ ಅದಿರಿನ ಬೆಲೆ ಏರಿಸಿತು. ಮಂಗಳೂರು–ಹಾಸನ ರೈಲುಮಾರ್ಗ ಗೇಜ್ ಬದಲಾವಣೆಗೆಂದು 1996ರಿಂದ ಮುಚ್ಚಿತ್ತು. ಆದ್ದರಿಂದ ಅದಿರಿನ ಲಾರಿಗಳು ಘಟ್ಟದ ರಸ್ತೆಗಳನ್ನು ಅರೆದುಹಾಕಿದವು. ಹಳ್ಳಿಗಳು ಕೆಂಧೂಳು ಉಂಡವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆಯಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಅದಿರು ಹೋಯಿತು, ಬಂದರು ಮತ್ತೆ ಉಳಿಯಿತು. 2022ರಲ್ಲಿ ರಫ್ತಿನ ಬಾಗಿಲು ಪುನಃ ತೆರೆದಿದೆ.

ಕುದುರೆಮುಖ ಮುಚ್ಚಿದರೂ ಪಣಂಬೂರಿನ ಕಾರ್ಖಾನೆಯ ಹೊಟ್ಟೆ ಮುಚ್ಚಲಿಲ್ಲ. ಅದೇ ಕಂಪನಿ ಈಗ ಸಂಡೂರಿನ ದೇವದಾರಿ ಬೆಟ್ಟದತ್ತ ಕೈಚಾಚಿದೆ. ಲಕ್ಷಕ್ಕೆ ಸಮೀಪದ ಮರಗಳು ಉರುಳಬೇಕಾದ ಆ ಯೋಜನೆಗೆ 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರು ಸಹಿ ಹಾಕಿದರು. ಅರಣ್ಯ ಭೂಮಿ ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಅಲ್ಲಿಯೂ ಕೇಳಿಬರುವುದು ಕಾರ್ಖಾನೆ ಉಳಿಯಬೇಕೆಂಬ ಮಾತೇ. ಒಂದು ಕಾರ್ಖಾನೆಗೆ ಎಷ್ಟು ಬೆಟ್ಟ?

ಸಂಡೂರಿನ ಹಳ್ಳಿಗರೂ ವಿದ್ಯಾರ್ಥಿಗಳೂ ಒಮ್ಮೆ ಲಕ್ಯಾ ಅಣೆಕಟ್ಟನ್ನು ನೋಡಿ ಬರುವುದೊಳಿತು. ಕಬ್ಬಿಣ ತೆಗೆದುಳಿದ ಕೋಟಿಗಟ್ಟಲೆ ಟನ್ ಕೆಸರು ಅದರ ಬೆನ್ನಿಗೆ ನಿಂತಿದೆ, ಕೆಳಗೆ ಭದ್ರೆ ಹರಿಯುತ್ತಾಳೆ. ಪ್ರತಿ ಮಳೆಗಾಲದಲ್ಲೂ ಆ ಮಣ್ಣಿನ ಒಡ್ಡನ್ನು ಕಾಯಲೇಬೇಕು, ಕಂಪನಿಗೆ ಲಾಭವಿದ್ದರೂ ಇಲ್ಲದಿದ್ದರೂ. ಕಂಪನಿಯೇ ಮುಚ್ಚಿದ ವರ್ಷ ಅದನ್ನು ಕಾಯುವವರು ಯಾರು, ಯಾರ ಹಣದಲ್ಲಿ, ಎಷ್ಟು ತಲೆಮಾರು?