ಸಂಜೆಯ ಟೀ, ರಾತ್ರಿಯ ಫಲಾಹಾರ

ಶಿವಮೊಗ್ಗೆಯ ವಾಚಕಿಯೊಬ್ಬರು ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಆಹಾರಶಾಸ್ತ್ರದಲ್ಲಿ ಉನ್ನತ ಪದವಿ ಪಡೆದು, ಎರಡು ವರ್ಷಗಳಿಂದ ಆಸ್ಪತ್ರೆಯೊಂದರಲ್ಲಿ ಪಥ್ಯಾಹಾರ ತಜ್ಞೆಯಾಗಿರುವ ಅವರಿಗೆ ಇಂಗ್ಲೆಂಡಿಗೆ ತೆರಳಿ ಅದೇ ವೃತ್ತಿಯನ್ನು ಮುಂದುವರಿಸಬೇಕೆಂಬ ಆಸೆ. ಆಸೆಯ ಬೆನ್ನಿಗೇ ಒಂದು ಅಳುಕು. “ಅನ್ನ, ಸಾರು, ಮುದ್ದೆ, ರೊಟ್ಟಿಗಳ ನಡುವೆ ಬೆಳೆದ ನಾನು, ಆಲೂಗಡ್ಡೆ ಮತ್ತು ಬ್ರೆಡ್ಡಿನ ಜನರಿಗೆ ಏನು ತಿನ್ನಬೇಕೆಂದು ಹೇಳಹೊರಟರೆ ಅವರು ನಗಲಾರರೆ?” ಎಂದು ಕೇಳಿದ್ದಾರೆ. ಈ ಪ್ರಶ್ನೆಯನ್ನು ಒಂದು ಕಾಲಕ್ಕೆ ನಾನೂ ಕೇಳಿಕೊಂಡವಳೇ. ಇಂಗ್ಲೆಂಡಿನ ಉತ್ತರ ಭಾಗದ ಆಸ್ಪತ್ರೆಯೊಂದರಲ್ಲಿ ಅನೇಕ ವರ್ಷ ಆ ಕೆಲಸವನ್ನು ಮಾಡಿದವಳಾದುದರಿಂದ, ಈ ವಾರದ ಅಂಕಣವನ್ನು ಆ ಸೋದರಿಗೆ ಮೀಸಲಿಡುತ್ತೇನೆ. ಉಳಿದ ವಾಚಕರು ಮನ್ನಿಸಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಯಾರಾದರೂ ಇದ್ದರೆ, ಅವರಿಗೂ ಇದರಲ್ಲಿ ಒಂದು ಮಾತು ದೊರೆಯಬಹುದು.

ಮೊದಲು ಕಾಯಿದೆಯ ಸಂಗತಿಯನ್ನು ಮುಗಿಸಿಬಿಡೋಣ. ಬ್ರಿಟನ್ನಿನಲ್ಲಿ ‘ಡಯಟೀಷಿಯನ್’ ಎಂಬ ಹೆಸರಿಗೆ ಕಾನೂನಿನ ಕಾವಲುಂಟು. ಎಚ್.ಸಿ.ಪಿ.ಸಿ. ಎಂಬ ಪರಿಷತ್ತಿನ ಪಟ್ಟಿಯಲ್ಲಿ ಸೇರದವರು ತಮ್ಮನ್ನು ಹಾಗೆಂದು ಕರೆದುಕೊಳ್ಳುವುದು ಅಪರಾಧ. ‘ನ್ಯೂಟ್ರಿಷನಿಸ್ಟ್’ ಎಂಬ ಹೆಸರಿಗೆ ಅಂಥ ಕಾವಲಿಲ್ಲ. ಯಾರು ಬೇಕಾದರೂ ಆ ಫಲಕವನ್ನು ತೂಗುಹಾಕಬಹುದು. ನಮ್ಮಲ್ಲಿ ಕಲಿತು ಹೋದವರು ತಾವು ಓದಿದ ವಿಷಯಗಳ ವಿವರ, ವಾರ್ಡುಗಳಲ್ಲಿ ಪಡೆದ ತರಬೇತಿಯ ಲೆಕ್ಕ, ಇವೆಲ್ಲವನ್ನೂ ಒಪ್ಪಿಸಿ ಅಲ್ಲಿಯ ಮಟ್ಟಕ್ಕೆ ಸರಿದೂಗುತ್ತವೆಂದು ತೋರಿಸಬೇಕು. ಇಂಗ್ಲಿಷ್ ಭಾಷೆಯ ಸಾಮರ್ಥ್ಯವನ್ನೂ ರುಜುವಾತುಪಡಿಸಬೇಕು. ಅಮೆರಿಕದ ದಾರಿ ಬೇರೆ. ಅಲ್ಲಿ ೨೦೨೪ರ ಜನವರಿ ೧ರಿಂದ, ನೋಂದಣಿಯ ಪರೀಕ್ಷೆಗೆ ಹೊಸದಾಗಿ ಅರ್ಹತೆ ಪಡೆಯಬೇಕಾದರೆ ಸ್ನಾತಕೋತ್ತರ ಪದವಿಯೇ ಬೇಕು. ಆದುದರಿಂದ ಸೋದರಿಯು ತನ್ನ ಕಾಲೇಜಿನಿಂದ ಪಠ್ಯಕ್ರಮದ ವಿವರಗಳನ್ನು ಈಗಲೇ ಪಡೆದಿಟ್ಟುಕೊಳ್ಳುವುದು ಜಾಣತನ. ಹತ್ತು ವರ್ಷದ ಮೇಲೆ ಕೇಳಿದರೆ ಗುಮಾಸ್ತರು ಬೀರುವಿನ ಬೀಗದ ಕೈಯನ್ನೇ ಹುಡುಕುತ್ತಿರುತ್ತಾರೆ.

ನನ್ನ ಕಾಗದಪತ್ರಗಳು ಮೇಜಿನಿಂದ ಮೇಜಿಗೆ ನಡೆಯುತ್ತಿದ್ದ ತಿಂಗಳುಗಳಲ್ಲಿ ನಾನು ಸುಮ್ಮನೆ ಕುಳಿತಿರಲಿಲ್ಲ. ವಾರ್ಡಿನಲ್ಲಿ ರೋಗಿಗಳಿಗೆ ಊಟದ ತಟ್ಟೆಗಳನ್ನು ಹಂಚುವ ಕೆಲಸಕ್ಕೆ ಸೇರಿದೆನು. ಉನ್ನತ ಪದವೀಧರೆಯಾದ ತನ್ನ ಮಗಳು ವಿದೇಶದಲ್ಲಿ ತಟ್ಟೆ ಎತ್ತುತ್ತಿದ್ದಾಳೆಂಬುದನ್ನು ನನ್ನ ತಾಯಿಗೆ ನಾನು ಬರೆಯಲೇ ಇಲ್ಲ. ಆದರೆ ಕಾಲೇಜು ಕಲಿಸದ ಪಾಠವನ್ನು ಆ ತಟ್ಟೆಗಳು ಕಲಿಸಿದವು. ಕೊಟ್ಟದ್ದು ಎಷ್ಟೆಂಬುದು ಅಡಿಗೆಮನೆಯ ಪುಸ್ತಕದಲ್ಲಿರುತ್ತದೆ. ತಿಂದದ್ದು ಎಷ್ಟೆಂಬುದು ಹಿಂದಿರುಗಿದ ತಟ್ಟೆಯಲ್ಲಿ ಮಾತ್ರ ಇರುತ್ತದೆ. ನುಂಗಲು ಕಷ್ಟಪಡುವವರಿಗಾಗಿ ಆಹಾರ ಪಾನೀಯಗಳನ್ನು ಸೊನ್ನೆಯಿಂದ ಏಳರವರೆಗೆ ದರ್ಜೆ ಮಾಡುವ ಅಂತಾರಾಷ್ಟ್ರೀಯ ಕ್ರಮವೊಂದು ೨೦೧೯ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ನೀರು ಸೊನ್ನೆ, ನುಣ್ಣಗೆ ಅರೆದದ್ದು ನಾಲ್ಕು, ಸಾಮಾನ್ಯ ಊಟ ಏಳು. ಹಾಲಿನಿಂದ ಅಂಬಲಿಗೆ, ಅಂಬಲಿಯಿಂದ ಗಂಜಿಗೆ ಹದ ಬದಲಿಸಬಲ್ಲ ನಮ್ಮ ಅಜ್ಜಿಯರಿಗೆ ಈ ಏಣಿ ತೀರ ಅಪರಿಚಿತವಾಗಿ ತೋರಲಾರದು.

ನೋಂದಣಿಯಾಯಿತು, ನಾನು ಮಧುಮೇಹದ ಚಿಕಿತ್ಸಾಲಯದಲ್ಲಿ ಮೇಜಿನ ಮುಂದೆ ಕುಳಿತೆನು. ಮೊದಲ ತೊಡಕು ಅಳತೆಗಳದು. ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಮಿಲಿಗ್ರಾಂಗಳಲ್ಲಿ ಹೇಳುತ್ತೇವೆ, ಅಲ್ಲಿ ಮಿಲಿಮೋಲುಗಳಲ್ಲಿ. ನಮ್ಮ ೧೮೦ ಅಲ್ಲಿ ಬರಿಯ ೧೦. ಅವರ ಅಂಕಿಯನ್ನು ೧೮ರಿಂದ ಗುಣಿಸಿದರೆ ನಮ್ಮದು ಬರುತ್ತದೆ. ದೇಹದ ತೂಕವನ್ನು ವಯಸ್ಸಾದವರು ಇಂದಿಗೂ ‘ಸ್ಟೋನ್’ ಲೆಕ್ಕದಲ್ಲಿ ಹೇಳುವುದುಂಟು; ಒಂದು ಸ್ಟೋನ್ ಎಂದರೆ ೧೪ ಪೌಂಡು. ಹನ್ನೆರಡು ಸ್ಟೋನ್ ಎಂದವರು ಸುಮಾರು ೭೬ ಕಿಲೋಗ್ರಾಂ ತೂಗುತ್ತಾರೆ. ಇವೆಲ್ಲ ಒಂದು ವಾರದಲ್ಲಿ ಬಾಯಿಪಾಠವಾಗುವ ಸಂಗತಿಗಳು. ನನ್ನನ್ನು ಕೆಡವಿದ್ದು ಅಂಕಿಯಲ್ಲ, ಎರಡಕ್ಷರವೂ ಇಲ್ಲದ ಒಂದು ಮಾತು.

ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದರು. ದಿನಕ್ಕೆರಡು ಬಾರಿ, ಬೆಳಗಿನ ತಿಂಡಿಗೆ ಮುಂಚೆ ಮತ್ತು ಸಂಜೆ, ಮಿಶ್ರ ಇನ್ಸುಲಿನ್ ಚುಚ್ಚಿಕೊಳ್ಳುವವರು. “ದಿನವೆಲ್ಲ ಏನೇನು ತೆಗೆದುಕೊಳ್ಳುತ್ತೀರಿ?” ಎಂದು ಕೇಳಿದೆನು. “ಹನ್ನೆರಡಕ್ಕೆ ಡಿನ್ನರ್, ಐದಕ್ಕೆ ಟೀ, ಒಂಬತ್ತಕ್ಕೆ ಸಪ್ಪರ್” ಎಂದರು. ನಾನು ಹಾಗೆಯೇ ಬರೆದುಕೊಂಡೆನು. ಬರೆದುಕೊಂಡುದನ್ನು ನೋಡಿದಾಗ ನನಗೆ ಗಾಬರಿಯಾಯಿತು. ಸಂಜೆ ಐದಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಈ ಮುದುಕರು ಬರಿಯ ಒಂದು ಬಟ್ಟಲು ಚಹಾ ಕುಡಿದು, ಊಟಕ್ಕೆ ಒಂಬತ್ತು ಗಂಟೆಯವರೆಗೆ ಕಾಯುತ್ತಾರಲ್ಲ! ಸಂಜೆಯ ಇನ್ಸುಲಿನ್ನನ್ನು ಒಂಬತ್ತರ ಸಪ್ಪರಿಗೆ ಮುಂದೂಡುವುದು ಲೇಸೆಂದು ವೈದ್ಯರಿಗೆ ಕಾಗದ ಸಿದ್ಧಪಡಿಸಿದೆನು. ದೊಡ್ಡದೊಂದು ಅಪಾಯವನ್ನು ಕಂಡುಹಿಡಿದೆನೆಂಬ ಹೆಮ್ಮೆಯೂ ಸ್ವಲ್ಪ ಇದ್ದಿತೆಂಬುದನ್ನು ಮುಚ್ಚಿಡಲಾರೆ.

ಹೊಸಬರ ಕಾಗದಗಳನ್ನು ಹಿರಿಯ ತಜ್ಞೆಯೊಬ್ಬರು ಓದಿ ಕಳುಹಿಸುವುದು ಅಲ್ಲಿಯ ಪದ್ಧತಿ. ಆಕೆ ಓದಿದರು, ನಕ್ಕರು, ಅನಂತರ ನಗುವನ್ನು ನಿಲ್ಲಿಸಿ ನನ್ನನ್ನು ಕುಳ್ಳಿರಿಸಿಕೊಂಡರು. ಇಂಗ್ಲೆಂಡಿನ ಉತ್ತರದಲ್ಲಿ, ಅದರಲ್ಲಿಯೂ ದುಡಿಯುವ ಜನರ ಮನೆಗಳಲ್ಲಿ, ‘ಡಿನ್ನರ್’ ಎಂದರೆ ಮಧ್ಯಾಹ್ನದ ಊಟ. ‘ಟೀ’ ಎಂದರೆ ಸಂಜೆಯ ಪೂರ್ಣ ಭೋಜನ: ಮಾಂಸ, ಆಲೂಗಡ್ಡೆ, ಬಟಾಣಿ, ಬ್ರೆಡ್ಡು ಎಲ್ಲವೂ. ‘ಸಪ್ಪರ್’ ಎಂದರೆ ಮಲಗುವ ಮುನ್ನ ತಿನ್ನುವ ಎರಡು ಬಿಸ್ಕತ್ತು ಅಥವಾ ಒಂದು ಚೂರು ರೊಟ್ಟಿ. ನನ್ನ ಸಲಹೆಯಂತೆ ನಡೆದಿದ್ದರೆ ಆ ಹಿರಿಯರು ದೊಡ್ಡ ಊಟಕ್ಕೆ ಔಷಧವಿಲ್ಲದೆ, ಎರಡು ಬಿಸ್ಕತ್ತಿಗೆ ಇಡೀ ಪ್ರಮಾಣದ ಇನ್ಸುಲಿನ್ ಚುಚ್ಚಿಕೊಂಡು, ಒಬ್ಬರೇ ಇದ್ದ ಮನೆಯಲ್ಲಿ ನಿದ್ದೆಹೋಗುತ್ತಿದ್ದರು. ನಡುರಾತ್ರಿಯಲ್ಲಿ ಸಕ್ಕರೆ ಕುಸಿದರೆ ಎಬ್ಬಿಸುವವರು ಯಾರು? ಆ ಕಾಗದವನ್ನು ಹರಿದುಹಾಕಿದೆನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂಗ್ಲಿಷ್ ಪರೀಕ್ಷೆಯಲ್ಲಿ ನಾನು ಒಳ್ಳೆಯ ಅಂಕಗಳನ್ನೇ ಪಡೆದಿದ್ದೆನು. ಆದರೆ ‘ಟೀ’ ಎಂದರೇನೆಂದು ಅಲ್ಲಿ ಯಾರೂ ಕೇಳಿರಲಿಲ್ಲ! ಅಂದಿನಿಂದ ಒಂದು ನಿಯಮ ಮಾಡಿಕೊಂಡೆನು. ಊಟದ ಹೆಸರನ್ನು ಬರೆಯುವುದಿಲ್ಲ. ಗಂಟೆಯನ್ನು ಬರೆದು, ತಟ್ಟೆಯಲ್ಲಿ ಏನಿದ್ದಿತು, ಎಷ್ಟಿದ್ದಿತು ಎಂಬುದನ್ನು ಬರೆಯುತ್ತೇನೆ. “ಕ್ಷಮಿಸಬೇಕು, ನಾನು ಹೊರಗಿನವಳು. ಪುಡಿಂಗ್ ಎಂದಿರಲ್ಲ, ಅದು ಯಾವುದು?” ಎಂದು ಕೇಳಲು ನಾಚುವುದಿಲ್ಲ. ನಾಚಿದ್ದರೆ ಮೋಸಹೋಗುತ್ತಿದ್ದೆನು. ಊಟದ ಕೊನೆಯ ಸಿಹಿಯೆಲ್ಲ ಅವರಿಗೆ ಪುಡಿಂಗೇ. ಆದರೆ ಯಾರ್ಕ್‌ಷೈರ್ ಪುಡಿಂಗ್ ಮಾಂಸದೊಡನೆ ತಿನ್ನುವ, ಸಿಹಿಯಿಲ್ಲದ, ಹಿಟ್ಟಿನ ಉಬ್ಬು. ಬ್ಲ್ಯಾಕ್ ಪುಡಿಂಗ್ ಪ್ರಾಣಿಯ ರಕ್ತದಿಂದ ಮಾಡಿದ್ದು. ಹೊರಗಿನವಳೆಂದು ಹೇಳಿಕೊಂಡರೆ ಯಾರೂ ನಗಲಿಲ್ಲ. ತಮ್ಮ ತಾಯಿ ಮಾಡುತ್ತಿದ್ದ ಅಡಿಗೆಯನ್ನು ಸಂತೋಷದಿಂದ ವಿವರಿಸಿದರು. ಹಾಗೆ ವಿವರಿಸುವಾಗ, ವೈದ್ಯರಿಗೆ ಹೇಳದಿದ್ದ ಅರ್ಧ ಚಮಚ ಸಕ್ಕರೆಯೂ ಹೊರಬೀಳುತ್ತಿದ್ದಿತು.

ಹೊರಗಿನವರು ಕೇಳಿ ಕಂಡುಕೊಂಡ ಉದಾಹರಣೆಯೊಂದು ನಮ್ಮ ದೇಶದಲ್ಲಿಯೇ ಇದೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ೧೯೨೮ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಪೀಡಿಸುತ್ತಿದ್ದ ರಕ್ತಹೀನತೆಯನ್ನು ಅಭ್ಯಸಿಸಿದರು. ಆ ಹೆಂಗಸರು ಏನು ತಿನ್ನುತ್ತಾರೆ, ಏನು ತಿನ್ನಲಾರರು ಎಂಬುದನ್ನು ವಿಚಾರಿಸಿದರು. ಕೊನೆಗೆ ಗುಣ ಕೊಟ್ಟದ್ದು ಮಾರ್ಮೈಟ್ ಎಂಬ, ಇಂಗ್ಲೆಂಡಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕುವ ಯೀಸ್ಟಿನ ಸಾರ. ೧೯೩೧ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದರೊಳಗಿನ ಸತ್ತ್ವವೇ ಇಂದು ಗರ್ಭಿಣಿಯರಿಗೆಲ್ಲ ಮಾತ್ರೆಯ ರೂಪದಲ್ಲಿ ಕೊಡುವ ಫೋಲಿಕ್ ಆಮ್ಲ.

ಇನ್ನು ಫಲಾಹಾರದ ಕಥೆ. ಬೇರೆ ಊರಿನ ಚಿಕಿತ್ಸಾಲಯದ ಇಂಗ್ಲಿಷ್ ಸಹೋದ್ಯೋಗಿಯೊಬ್ಬರು ಒಂದು ದಿನ ನನಗೆ ದೂರವಾಣಿ ಮಾಡಿದರು. ಕನ್ನಡ ಮಾತನಾಡುವ ವೃದ್ಧೆಯೊಬ್ಬರು. ಗುರುತು ಸಿಕ್ಕದಂತೆ ವಿವರಗಳನ್ನು ಬದಲಿಸಿದ್ದೇನೆ. ಬೆಳಗಿನ ಬರಿಹೊಟ್ಟೆಯ ಸಕ್ಕರೆ ದಿನವೂ ೧೨, ೧೩. ಕಾಲೇಜಿನಲ್ಲಿ ಓದುವ, ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ‘ರಾತ್ರಿ ಊಟವಿಲ್ಲ, ಹಣ್ಣು ಮಾತ್ರ’ ಎಂದು ಹೇಳಿದ್ದನಂತೆ. ಹಣ್ಣು ತಿಂದು ಮಲಗುವವರಿಗೆ ಇಷ್ಟು ಸಕ್ಕರೆಯೆ? ರಾತ್ರಿಯ ಔಷಧವನ್ನು ಹೆಚ್ಚಿಸುವ ಆಲೋಚನೆ ನಡೆದಿದ್ದಿತು.

ದೂರವಾಣಿಯಲ್ಲಿಯೇ ಆಕೆಯನ್ನು ಮಾತನಾಡಿಸಿದೆನು. “ಅಮ್ಮಾ, ರಾತ್ರಿ ಏನು ತೊಗೋತೀರಿ?”

“ಅವರು ಹೋದಮೇಲೆ ರಾತ್ರಿ ಊಟ ಬಿಟ್ಟಿದೀನಮ್ಮ. ಬರೀ ಫಲಾಹಾರ.”

“ನಿನ್ನೆ ಫಲಾಹಾರಕ್ಕೆ ಏನಿತ್ತು?”

“ನಿನ್ನೆ ಒಗ್ಗರಣೆ ಅವಲಕ್ಕಿ. ಮೊನ್ನೆ ಮೂರು ದೋಸೆ. ಮೇಲೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಅಷ್ಟೇಮ್ಮ, ಇನ್ನೇನೂ ಇಲ್ಲ.”

ವಾಚಕರಿಗೆ ವಿವರಿಸಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಊಟವೆಂದರೆ ಅನ್ನ. ಅನ್ನವಿಲ್ಲದ್ದು ಎಷ್ಟು ತಿಂದರೂ ಊಟವಲ್ಲ. ಫಲಾಹಾರವೆಂದರೆ ಉಪ್ಪಿಟ್ಟು, ದೋಸೆ, ಅವಲಕ್ಕಿ. ಆ ಹುಡುಗ ಸುಳ್ಳು ಹೇಳಿರಲಿಲ್ಲ. ‘ಫಲ’ ಎಂಬ ಮಾತಿಗೆ ತಾನು ಕಲಿತ ಅರ್ಥವನ್ನು ಹೇಳಿದ್ದನು. ವೃದ್ಧೆಯೂ ಸುಳ್ಳು ಹೇಳಿರಲಿಲ್ಲ. ನಾನು ಟೀಯನ್ನು ಚಹಾ ಎಂದುಕೊಂಡಂತೆ, ನನ್ನ ಸಹೋದ್ಯೋಗಿ ಫಲಾಹಾರವನ್ನು ಹಣ್ಣೆಂದುಕೊಂಡಿದ್ದರು. ಆಕೆಯ ಮೇಲೆ ನಾನು ನಗಬಹುದೆ?

ವ್ರತವನ್ನು ಬಿಡಿರೆಂದು ನಾವು ಹೇಳಲಿಲ್ಲ. ಗಂಡನ ನೆನಪಿನಲ್ಲಿ ಹಿಡಿದ ನಿಯಮವನ್ನು ಮುರಿಯೆನ್ನುವ ಅಧಿಕಾರ ಯಾವ ಪರಿಷತ್ತೂ ನಮಗೆ ಕೊಟ್ಟಿಲ್ಲ. ಅವಲಕ್ಕಿಯನ್ನು ಅರ್ಧ ಮಾಡಿ, ಉಳಿದರ್ಧಕ್ಕೆ ಹೆಸರುಕಾಳಿನ ಉಸಲಿ, ಮೂರು ದೋಸೆಯ ಬದಲು ಒಂದು, ಜೊತೆಗೆ ಪಲ್ಯ, ಬಾಳೆಹಣ್ಣು ಮಧ್ಯಾಹ್ನಕ್ಕೆ, ರಾತ್ರಿ ಒಂಬತ್ತರ ಫಲಾಹಾರ ಏಳಕ್ಕೆ. ಉಸಲಿ ಫಲಾಹಾರಕ್ಕೆ ಸಲ್ಲುತ್ತದೆಯೆಂದು ಆಕೆಯೇ ಒಪ್ಪಿಗೆಯಿತ್ತರು. ಕೆಲವು ವಾರಗಳ ಮೇಲೆ ಬೆಳಗಿನ ಅಂಕಿ ಇಳಿಯಿತು, ಔಷಧವನ್ನು ಹೆಚ್ಚಿಸಬೇಕಾಗಲಿಲ್ಲ. ಅಂಥ ಚಿಕಿತ್ಸಾಲಯಗಳಲ್ಲಿ ಮನೆಯವರ ಬದಲು ತರಬೇತಾದ ದುಭಾಷಿಯನ್ನು ಕರೆಸಬೇಕೆಂದು ಏಕೆ ಹೇಳುತ್ತಾರೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ಆದುದರಿಂದ ಶಿವಮೊಗ್ಗೆಯ ಸೋದರಿಗೆ ನನ್ನ ಉತ್ತರವಿಷ್ಟು. ಹೋಗಿ ಬನ್ನಿ. ಆ ಜನರ ಆಹಾರ ತಿಳಿಯದೆಂಬ ಅಳುಕನ್ನು ಬಿಡಿ. ತಿಳಿಯದೆಂಬುದನ್ನು ಮಾತ್ರ ಮರೆಯಬೇಡಿ. ಅದು ನೆನಪಿರುವವರೆಗೆ ನೀವು ಕೇಳುತ್ತೀರಿ. ಕೇಳುವವರೆಗೆ ರೋಗಿಗೆ ಕ್ಷೇಮ. ಪಥ್ಯ ಹೇಳುವವರಿಗೆ ಅಪಾಯದ ಕಾಲ ವಿದೇಶಕ್ಕೆ ಹೋದ ಮೊದಲ ವರ್ಷವಲ್ಲ. ಎಲ್ಲವೂ ಗೊತ್ತಾಯಿತೆಂದು ತೋರುವ ಹತ್ತನೆಯ ವರ್ಷ. ಹೊರಡುವವರೆಗೆ ಅಭ್ಯಾಸಕ್ಕೆ ನಿಮ್ಮೂರಿನ ಆಸ್ಪತ್ರೆಯೇ ಸಾಕು. ನಾಳೆ ಮೊದಲು ಬರುವ ರೋಗಿ “ರಾತ್ರಿ ಏನೂ ಇಲ್ಲ, ಬರೀ ತಿಂಡಿ” ಎಂದರೆ, ಬರೆದುಕೊಳ್ಳುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಿ ನೋಡಿ.