ತಲಾಕ್ ಪತ್ರದಲ್ಲಿ ಮಗುವಿನ ಹೆಸರೆಲ್ಲಿ?

1985ರ ಶಾಬಾನು ತೀರ್ಪಿನಿಂದ 2019ರ ತ್ರಿವಳಿ ತಲಾಕ್ ಕಾನೂನಿನವರೆಗೆ ನಾವು ತಲಾಕ್ ಬಗ್ಗೆ ಆಡಿದ ಮಾತಿಗೆ ಲೆಕ್ಕವಿಲ್ಲ. ಪರವಾಗಿ ಕೂಗಿದೆವು, ವಿರೋಧವಾಗಿ ಕೂಗಿದೆವು. ಆ ಗದ್ದಲದಲ್ಲಿ ಮಗುವಿನ ದನಿ ಮಾತ್ರ ನಮಗೆ ಕೇಳಿಸಲಿಲ್ಲ.

ನಮ್ಮ ಎಷ್ಟೋ ಜಮಾಅತ್‌ಗಳಲ್ಲಿ ತಲಾಕ್ ಪಂಚಾಯಿತಿ ಹೇಗೆ ನಡೆಯುತ್ತದೆ? ಮಹ್ರ್ ಸಂದಾಯವಾಯಿತೇ, ಇದ್ದತ್‌ನ ಖರ್ಚೆಷ್ಟು, ಚಿನ್ನ ಯಾರ ಬಳಿಯಿದೆ, ಮದುವೆಗೆ ಕೊಟ್ಟ ಕಪಾಟು ವಾಪಸ್ ಬಂತೇ? ಗ್ರಾಮಿನ ಲೆಕ್ಕದಲ್ಲಿ ವಾದ ನಡೆಯುತ್ತದೆ. ಮಗುವಿನ ವಿಷಯ ಮಾತ್ರ 'ಸದ್ಯಕ್ಕೆ ತಾಯಿಯ ಬಳಿ ಇರಲಿ' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಶಾಲೆಯ ಫೀಸು ಕಟ್ಟುವವರು ಯಾರು, ತಂದೆ ಯಾವ ದಿನ ಬಂದು ನೋಡಬೇಕು, ಈದ್‌ನಂದು ಮಗು ಯಾರ ಮನೆಯಲ್ಲಿರಬೇಕು, ಇದಾವುದನ್ನೂ ಬರೆದಿಡುವುದಿಲ್ಲ.

ಮಗುವಿಗೆ ಎರಡು ವರ್ಷ ತುಂಬಿದರೆ ತನ್ನ ಹೊಣೆ ತೀರಿತು ಎಂದು 1986ರ ಕಾಯ್ದೆಯನ್ನು ತೋರಿಸಿ ವಾದಿಸಿದ್ದೂ ಉಂಟು. 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಅಪ್ರಾಪ್ತ ಮಕ್ಕಳಿಗೆ ತಂದೆಯಿಂದ ಜೀವನಾಂಶ ಪಡೆಯುವ ಹಕ್ಕು ಆ ಕಾಯ್ದೆಯಿಂದ ಮೊಟಕಾಗದು ಎಂದಿತು. ಇದನ್ನು ಕೋರ್ಟಿನಿಂದ ಹೇಳಿಸಿಕೊಳ್ಳುವ ಗತಿ ನಮಗೆ ಬರಬೇಕಿತ್ತೇ?

ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ನಾವು ಓದಿಲ್ಲವೇ? ಮಗುವಿನ ನೆಪದಲ್ಲಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂದು ಅಲ್ಲಿದೆ. ಹಾಲು ಬಿಡಿಸುವುದನ್ನೂ ಇಬ್ಬರ ಒಪ್ಪಿಗೆ, ಸಮಾಲೋಚನೆಯಿಂದಲೇ ನಿರ್ಧರಿಸಬೇಕೆಂದು ಇದೆ. ಹಾಲು ಬಿಡಿಸಲು ಇಬ್ಬರೂ ಮಾತಾಡಿಕೊಳ್ಳಬೇಕಾದರೆ ಶಾಲೆ ಬಿಡಿಸಲು ಮಾತಾಡುವುದು ಬೇಡವೇ?

ನಾವು ಮಾಡುತ್ತಿರುವುದು ಇದಕ್ಕೆ ತೀರಾ ತದ್ವಿರುದ್ಧ. 'ನಿನ್ನ ಅಬ್ಬ ಬಂದರೆ ಒಳಗೆ ಹೋಗು' ಎನ್ನುತ್ತಾರೆ ಇಲ್ಲಿ. 'ನಿನ್ನ ಅಮ್ಮ ಯಾರ ಜೊತೆ ಮಾತಾಡುತ್ತಾಳೆ ಹೇಳು' ಎನ್ನುತ್ತಾರೆ ಅಲ್ಲಿ. ಅಜ್ಜಿ, ಮಾವ, ಚಿಕ್ಕಪ್ಪಂದಿರೆಲ್ಲ ಸೇರಿ ಮಗುವನ್ನು ಸಾಕ್ಷಿಯನ್ನಾಗಿ, ಗೂಢಚಾರನನ್ನಾಗಿ ಮಾಡುತ್ತಾರೆ. ತನ್ನಿಂದಲೇ ಮನೆ ಮುರಿಯಿತೆಂದು ಮಗು ಒಳಗೊಳಗೇ ಕೊರಗುತ್ತದೆ. 'ಇದರಲ್ಲಿ ನಿನ್ನ ತಪ್ಪಿಲ್ಲ, ನಾವಿಬ್ಬರೂ ನಿನ್ನವರೇ' ಎಂದು ತಂದೆತಾಯಿ ಬಾಯ್ಬಿಟ್ಟು ಹೇಳಬೇಕು. ಒಮ್ಮೆ ಹೇಳಿದರೆ ಸಾಲದು, ಮಗು ಕೇಳಿದಾಗಲೆಲ್ಲ ಹೇಳಬೇಕು.

ಒಟ್ಟಿಗೆ ಬಾಳಲಾಗದವರು ಬೇರೆಯಾಗಲಿ. ಅದಕ್ಕೆ ಧರ್ಮದಲ್ಲೂ ಕಾನೂನಿನಲ್ಲೂ ದಾರಿಯಿದೆ. ಆದರೆ ತಂದೆತನಕ್ಕೆ ತಲಾಕ್ ಇಲ್ಲ, ತಾಯ್ತನಕ್ಕೂ ಇಲ್ಲ. ಮಗುವಿನ ಖರ್ಚು, ಭೇಟಿಯ ದಿನ, ಓದು ಇವೆಲ್ಲ ಬರಹದಲ್ಲಿ ಬಾರದ ಯಾವ ತಲಾಕ್ ಪತ್ರಕ್ಕೂ ಜಮಾಅತ್‌ನ ಮೊಹರು ಬೀಳಬಾರದು. ಚಿನ್ನವನ್ನು ತೂಗಿ ಕೊಡಿಸುವ ಹಿರಿಯರಿಗೆ ಇದು ಕಷ್ಟದ ಕೆಲಸವೇನಲ್ಲ.